ಹದಿನಾರಾಣೆ ನೋವು

ಸಂತೆಮರಹಳ್ಳಿಯ ದನದ ದಲ್ಲಾಳಿ ಪುಟ್ಟಮಲ್ಲಪ್ಪನ ಬಲಗೈ ಆ ಬೆಳಿಗ್ಗೆಯೂ ಮುಷ್ಟಿ ಕಟ್ಟಲು ಒಪ್ಪಲಿಲ್ಲ. ಬೆರಳ ಗಿಣ್ಣುಗಳು ಊದಿ ಹಸಿಶುಂಠಿಯ ಹಾಗಾಗಿದ್ದವು. ಬೇರೆಯವರಿಗಾದರೆ ಕೈನೋವು ಬರೀ ಕೈನೋವು. ದನದ ದಲ್ಲಾಳಿಗೆ ಹಾಗಲ್ಲ, ಅವನು ಮಾತಾಡುವುದೇ ಬೆರಳಲ್ಲಿ. ಸಂತೆಯಲ್ಲಿ ಬಾಯಿಬಿಟ್ಟು ದರ ಕೂಗುವವನು ದಲ್ಲಾಳಿಯೇ ಅಲ್ಲ. ಇಬ್ಬರ ಕೈಮೇಲೂ ಟವೆಲ್ ಮುಚ್ಚಿ, ಎದುರಿನವನ ಬೆರಳು ಹಿಡಿದು ಅಮುಕಬೇಕು. ಒಂದು ಬೆರಳಿಗೆ ನೂರು. ಒಮ್ಮೆ ಅಮುಕಿದರೆ ಮುಗಿಯಿತು, ಬ್ರಹ್ಮ ಬಂದರೂ ದರ ಬದಲಾಗುವ ಹಾಗಿಲ್ಲ.

ಹೋದ ಸಂತೆಯಲ್ಲಿ ಅಲ್ಲೇ ಎಡವಟ್ಟಾಯಿತು. ಬೆಳಗಾಗುತ್ತಲೇ ಕುದುರಿದ ವ್ಯಾಪಾರ. ಪುಣಜನೂರಿನ ಶಾಂತಮಲ್ಲಪ್ಪನ ಜೋಡೆತ್ತಿಗೆ ಐದು ಬೆರಳು ಹಿಡಿಯಬೇಕಾದಲ್ಲಿ ಪುಟ್ಟಮಲ್ಲಪ್ಪನ ಮಡಚದ ಕೈಗೆ ಮೂರೇ ಸಿಕ್ಕವು. ಕೊಳ್ಳುವವನು ಟವೆಲ್ ಕೊಡವಿ, ಎತ್ತು ಹೊಡೆದುಕೊಂಡು ಹೋಗೇಬಿಟ್ಟ. ಒಳಗೊಳಗೇ ಲಂಚ ತಿಂದಿದ್ದಾನೆ ಎಂದು ಶಾಂತಮಲ್ಲಪ್ಪ ಬೊಬ್ಬೆ ಹೊಡೆದ. ದಲ್ಲಾಳಿಗಳ ಯಜಮಾನ ಗುರುಮಲ್ಲಯ್ಯ ತೀರ್ಮಾನ ಹೇಳಿದ: ಮುಂದಿನ ಸಂತೆಗೆ ಡಾಕ್ಟರ ಚೀಟಿ ತರಬೇಕು. ಕೈಯದೇ ತಪ್ಪಾದರೆ ಸರಿ, ಇಲ್ಲದಿದ್ದರೆ ಹೆಗಲ ಮೇಲಿನ ಟವೆಲ್ ಕಿತ್ತುಕೊಳ್ಳುವುದು. ಟವೆಲ್ ಹೋದರೆ ಮೂವತ್ತು ವರ್ಷದ ಕಸುಬೂ ಹೋದ ಹಾಗೆ.

ಪುಟ್ಟಮಲ್ಲಪ್ಪ ಅವತ್ತೇ ಡಾಕ್ಟರ ಹತ್ತಿರ ಓಡಬೇಕಿತ್ತು. ಆದರೆ ದಿನಾ ಹೊತ್ತೇರುತ್ತಿದ್ದಂತೆ ಬೆರಳು ಸಡಿಲವಾಗುತ್ತಿತ್ತು, ಪುಣ್ಯಾತ್ಮ ನಾಳೆ ಹೋದರಾಯಿತು ಎನ್ನುತ್ತಿದ್ದ. ಈಗ ಸಂತೆಯ ದಿನವೇ ಬಂದು ಕೂತಿತ್ತು.

"ಅಯ್ಯೋ ನನ್ನಪ್ಪ, ಈ ಕೈಯಲ್ಲಿ ಬಸ್ಸಿನ ಕಂಬಿ ಎಂಗ್ ಹಿಡ್ದೀಯೆ? ಕೊಡಿಲ್ಲಿ" ಎಂದು ಪಕ್ಕದ ಮನೆಯ ದೊಡ್ಡಮಲ್ಲಮ್ಮ ಬಿಸಿ ಹರಳೆಣ್ಣೆ ತಂದು ತಿಕ್ಕಿದಳು. ಸಾಲದೆಂದು ಮರಳು ಕಾಸಿ ಶಾಖವನ್ನೂ ಕೊಟ್ಟಳು. ಅಷ್ಟರಲ್ಲಿ ಬಷೀರ್ ಅಹಮದ್ ಬಂದ. ಎತ್ತಿಗೆ ಲಾಳ ಹೊಡೆಯುವುದು ಅವನ ಕಸುಬು, ಕರೆಯದಿದ್ದರೂ ಜೊತೆಗೆ ಹೊರಡುವುದು ಅವನ ಗುಣ.

"ಎಂಥ ಕೆಲ್ಸ ಮಾಡ್ಬುಟ್ಯವ್ವಾ! ಡಾಕ್ಟ್ರಿಗೆ ತೋರಿಸ್ಬೇಕಾದ ಊತಾನೆಲ್ಲ ಇಳಿಸ್ಬುಟ್ಟೆಯಲ್ಲ!"

"ನೋವು ಇಳ್ಸೋದೂ ತಪ್ಪೇನಪ್ಪ?"

"ಇವತ್ತೊಂದಿನ ತಪ್ಪು ಕಣವ್ವ!"

ಚಾಮರಾಜನಗರದಲ್ಲಿ ಡಾಕ್ಟರ್ ನೀಲಕಂಠಸ್ವಾಮಿಯವರ ಷಾಪಿನಲ್ಲಿ ಸರದಿ ಬರುವಾಗ ಹನ್ನೊಂದು ಗಂಟೆ. ಡಾಕ್ಟರು ಬಹಳ ಶಿಸ್ತಿನ ಮನುಷ್ಯ. ನೋವು ರೂಪಾಯಿಗೆ ಎಷ್ಟಾಣೆ ಎಂದು ರೋಗಿಯನ್ನೇ ಕೇಳಿ ಒಂದು ಕಡೆ ಬರೆಯುವರು, ತಾವು ಪರೀಕ್ಷಿಸಿ ಕಂಡದ್ದನ್ನು ಇನ್ನೊಂದು ಕಡೆ. ಎರಡೂ ಈವರೆಗೆ ಒಮ್ಮೆಯೂ ತಾಳೆಯಾಗಿಲ್ಲವೆಂಬುದು ಅವರ ದೊಡ್ಡ ಕೊರಗು.

"ಎಷ್ಟಾಣೆ ನೋವಪ್ಪ?"

"ಹದಿನಾಕಾಣೆ ಸಾಮಿ."

ಡಾಕ್ಟರು ಒಂದೊಂದೇ ಗಿಣ್ಣು ಅಮುಕುತ್ತ ಅವನ ಮುಖವನ್ನೇ ನೋಡಿದರು. ನೋವಾದರೆ ಮುಖ ಹೇಳುತ್ತದೆ ಎಂದು ಅವರು ಓದಿದ ಪುಸ್ತಕದಲ್ಲಿತ್ತು. ಆ ಪುಸ್ತಕ ಬರೆದ ಮಹಾಶಯ ಸಂತೆಮರಹಳ್ಳಿ ಸಂತೆ ನೋಡಿದವನಲ್ಲ. ಬೆರಳು ಅಮುಕಿದಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಬಾರದು, ಅದು ದಲ್ಲಾಳಿಯ ಮೊದಲ ಪಾಠ. ಒಳಗೆ ಜೀವ ಹೋಗುತ್ತಿದ್ದರೂ ಪುಟ್ಟಮಲ್ಲಪ್ಪ ಅಭ್ಯಾಸಬಲದಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತ ಮುಗುಳ್ನಗುತ್ತಿದ್ದ.

"ನಾಲ್ಕಾಣೆ" ಎಂದು ಬರೆದರು ಡಾಕ್ಟರು.

"ನಾಕಾಣೆಯಾ! ಸಾಮಿ, ನೋವು ನಂದು!"

"ನೋವು ನಿಂದು, ಪೆನ್ನು ನಂದು."

ಬಷೀರ್ ನಡುವೆ ಬಾಯಿ ಹಾಕಿದ. "ಅವಂದೂ ಬ್ಯಾಡ, ನಿಮ್ದೂ ಬ್ಯಾಡ ಸಾಬ್. ಒಂಬತ್ತಾಣೆಗೆ ಮುಗ್ಸಿ."

"ಇದೇನು ಎಮ್ಮೆ ವ್ಯಾಪಾರವೇನ್ರೀ?" ಡಾಕ್ಟರು ರೇಗಿದರು.

"ಸಾಬ್, ಈ ಮುಖ ನೋಡಿ ಕೆಟ್ಟೋರು ನಮ್ ತಾಲ್ಲೂಕಲ್ಲಿ ಬಾಳ ಜನ ಅವ್ರೆ. ನೀವೂ ಕೆಡಬ್ಯಾಡಿ" ಎಂದವನೇ ಬಷೀರ್, ಪುಟ್ಟಮಲ್ಲಪ್ಪನ ಹೆಗಲ ಟವೆಲ್ ಎಳೆದು ಇಬ್ಬರ ಕೈಮೇಲೂ ಮುಚ್ಚಿದ. "ಕಣ್ಮುಚ್ಚಿ. ಈಗ ಅಮುಕಿ."

ಏನನ್ನಿಸಿತೋ, ಡಾಕ್ಟರು ಕಣ್ಣು ಮುಚ್ಚಿ ಅಮುಕಿದರು. ಟವೆಲಿನ ಕೆಳಗೆ ಗಿಣ್ಣುಗಳು ಸುಡುತ್ತಿದ್ದವು. ಒತ್ತಿದಾಗೆಲ್ಲ ಬೆರಳುಗಳು ಹಿಡಿದ ಮೀನಿನ ಹಾಗೆ ಒದ್ದಾಡಿದವು. "ಎಲ್ಲಿ, ನನ್ನ ಐದು ಬೆರಳನ್ನೂ ಹಿಡಿ" ಎಂದರು. ಕೈ ನಾಲ್ಕನೆಯದಕ್ಕೇ ನಿಂತುಹೋಯಿತು. ಡಾಕ್ಟರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಛೇ! ಇಷ್ಟು ನೋವಿಟ್ಟುಕೊಂಡವನಿಗೆ ನಾಲ್ಕಾಣೆ ಅಂದೆನಲ್ಲ" ಎಂದು ಹಳೆಯದನ್ನು ಹೊಡೆದುಹಾಕಿ ಹದಿನಾರಾಣೆ ಎಂದು ಬರೆದರು.

"ಹದಿನಾಕೇ ಸಾಕು ಸಾಮಿ."

"ಸುಮ್ನಿರಪ್ಪ, ನಿನಗೇನು ಗೊತ್ತು!"

ಮಧ್ಯಾಹ್ನ ಸಂತೆಯಲ್ಲಿ ಗುರುಮಲ್ಲಯ್ಯ ಹುಣಸೆಮರದ ಕೆಳಗೆ ನಿಂತು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ. ಶಾಂತಮಲ್ಲಪ್ಪನ ಕಣ್ಣಲ್ಲಿ ನೀರೇ ಬಂತು. "ತಪ್ಪಾಯ್ತು ಕಣಣ್ಣ. ಬಾಯಿಗೆ ಬಂದಂಗೆ ಆಡ್ಬುಟ್ಟೆ" ಎಂದು ತಬ್ಬಿಕೊಂಡ. ಬಷೀರ್ ಎಲ್ಲರ ಕಡೆಗೂ ತಿರುಗಿ, ಹದಿನಾರಾಣೆ ಬರೆಸಿದ್ದು ತಾನೇ ಎಂದು ಹೇಳತೊಡಗಿದ. ಪುಟ್ಟಮಲ್ಲಪ್ಪನಿಗೆ ವಾರದ ಮೇಲೆ ಮೊದಲ ಸಲ ಹಸಿವಾಯಿತು.

ಗುರುಮಲ್ಲಯ್ಯ ಚೀಟಿ ಮಡಚಿ ಜೇಬಿಗಿಟ್ಟ. ಆಮೇಲೆ ಮೆಲ್ಲಗೆ ಪುಟ್ಟಮಲ್ಲಪ್ಪನ ಹೆಗಲಿನಿಂದ ಟವೆಲ್ ತೆಗೆದುಕೊಂಡ.

"ಯಜಮಾನ್ರೆ! ನಾನು ಕಳ್ಳ ಅಲ್ಲ ಅಂತ ಆಯ್ತಲ್ಲ?"

"ಆಯ್ತು ಕಣಪ್ಪ. ಚಿನ್ನದಂತಾ ಮನ್ಸ ನೀನು. ಆದ್ರೆ ಹದಿನಾರಾಣೆ ಕೆಟ್ಟೋಗಿರೋ ಕೈಯ ನಂಬಿ ಯಾವನ್ಲಾ ಎತ್ತು ಬುಟ್ಟಾನು? ಇನ್ನೊಬ್ಬ ಶಾಂತಮಲ್ಲಪ್ಪ ಮುಳುಗ್ಬೇಕಾ?"

"ಅಯ್ಯೋ, ಅಷ್ಟೊಂದಿಲ್ಲ ಯಜಮಾನ್ರೆ! ಡಾಕ್ಟ್ರು ಮೊದ್ಲು ನಾಕಾಣೆ ಅಂತಾನೇ ಬರ್ದಿದ್ರು. ಬಷೀರನ್ನೇ ಕೇಳಿ. ನೋಡಿ ಬೇಕಾದ್ರೆ!" ಎಂದು ಪುಟ್ಟಮಲ್ಲಪ್ಪ ಗುರುಮಲ್ಲಯ್ಯನ ಕೈಗೆ ಕೈಹಾಕಿ, ಪ್ರಾಣ ಬಾಯಿಗೆ ಬಂದರೂ ಬಿಡದೆ ಐದು ಬೆರಳನ್ನೂ ಹಿಡಿದು ಬಿಗಿಯಾಗಿ ಅಮುಕಿದ.

ಶಾಂತಮಲ್ಲಪ್ಪನ ಅಳು ನಿಂತಿತು. "ಐದೂ ಹಿಡೀತದೆ! ಅಂಗಾರೆ ಹೋದ್ ಸಂತೇಲಿ ಮೂರು ಹಿಡ್ದಿದ್ದು ಬೇಕಂತ್ಲೇ ಏನ್ಲಾ?"

ಜನ ಸುತ್ತುಗಟ್ಟಿದರು. ಬಷೀರ್ ಯಾರದೋ ಎತ್ತಿನ ಲಾಳ ನೋಡುವ ನೆವದಲ್ಲಿ ಜಾಗ ಖಾಲಿ ಮಾಡಿದ.

"ಚೀಟಿ ಅತ್ಲಾಗಿರ್ಲಿ. ನೀನೇ ಹೇಳ್ಬುಡು ಪುಟ್ಟಮಲ್ಲಪ್ಪ. ನೋವು ಎಷ್ಟಾಣೆ?" ಎಂದ ಗುರುಮಲ್ಲಯ್ಯ.

ಕಮ್ಮಿ ಹೇಳಿದರೆ ಕಳ್ಳ, ಜಾಸ್ತಿ ಹೇಳಿದರೆ ಕೈಲಾಗದವನು. ಮೂವತ್ತು ವರ್ಷ ಎಂಥೆಂಥ ತುಡುಗು ಎತ್ತಿಗೂ ದರ ಕಟ್ಟಿದ್ದ ಪುಟ್ಟಮಲ್ಲಪ್ಪ ತನ್ನ ನೋವಿಗೂ ಚೌಕಾಸಿಗಿಳಿದ.

"ನೀವೇ ಒಂದು ಹೇಳಿ ಯಜಮಾನ್ರೆ. ಎಷ್ಟಾಣೆ ಅಂದ್ರೆ ಟವೆಲ್ ವಾಪಸ್ ಕೊಟ್ಟೀರಿ?"

ಗುರುಮಲ್ಲಯ್ಯ ಆ ಟವೆಲನ್ನು ತನ್ನ ಇನ್ನೊಂದು ಹೆಗಲಿಗೆ ಹಾಕಿಕೊಂಡು ಎತ್ತುಗಳ ಕಡೆ ನಡೆದ.