ಅವಳ ಅಂಗಾಲು, ನನ್ನ ಹಿಮ್ಮಡಿ

ಹೆಂಡತಿಯ ಕಾಲು ಹಿಡಿಯದ ಗಂಡ ಲೋಕದಲ್ಲಿಲ್ಲ. ಹಿಡಿದೆ ಎಂದು ಹೊರಗೆ ಹೇಳಿಕೊಳ್ಳುವ ಗಂಡನೂ ಇಲ್ಲ. ನಾನೀಗ ಹೇಳಿಕೊಳ್ಳಲು ಹೊರಟಿದ್ದೇನೆ. ಯಾಕೆಂದರೆ ನಾನು ಹಿಡಿದದ್ದು ಮುನಿಸಿಕೊಂಡು ತವರಿಗೆ ಹೊರಟವಳನ್ನು ನಿಲ್ಲಿಸುವುದಕ್ಕಲ್ಲ. ದಾವಣಗೆರೆಯ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಕ್ಕೆ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಮೆಲ್ಲಗೆ, ಉಜ್ಜದೆ. ಇಷ್ಟು ಮರ್ಯಾದೆಯಿಂದ ಹೆಂಡತಿಯ ಕಾಲು ಹಿಡಿದವನು ನಮ್ಮ ಕೊಟ್ಟೂರಿನಲ್ಲಿ ನಾನೊಬ್ಬನೇ ಇರಬೇಕು.

ನನ್ನದೊಂದು ಹಿಟ್ಟಿನ ಗಿರಣಿ. ಗಿರಣಿಯವರಿಗೆ ದನಿ ದೊಡ್ಡದು, ಹಿಮ್ಮಡಿ ಒಡಕು. ಮಷೀನಿನ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ನಾನು ಗುಟ್ಟು ಹೇಳಿದರೂ ಆಚೆ ಓಣಿಯವರು ಹೂಂಗುಟ್ಟುತ್ತಾರೆ. ಇನ್ನು ದಿನವಿಡೀ ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹಿಮ್ಮಡಿಯೋ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. ರಾತ್ರಿ ಮಗ್ಗುಲು ಬದಲಿಸಿದರೆ ಕೌದಿಯ ದಾರ ಅದಕ್ಕೆ ಸಿಕ್ಕಿಕೊಂಡು ಪರ್ ಎನ್ನುತ್ತದೆ. "ಹಾಸಿಗಿಗೆ ಬರೋವಾಗ ಗರಗಸ ಹೊರಗಿಟ್ಟು ಬರ್ರಿ" ಎಂದು ನನ್ನ ಹೆಂಡತಿ ಕೊಟ್ರಮ್ಮ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಳು. ನನ್ನ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ನಾನು ಶಕುನ, ಪಾಪ, ಪುಣ್ಯ ಯಾವುದನ್ನೂ ನಂಬುವವನಲ್ಲ. ಅಮಾವಾಸ್ಯೆಯ ದಿನ ಊರಿನ ಮಷೀನುಗಳೆಲ್ಲ ಪೂಜೆ ಮಾಡಿಸಿಕೊಂಡು ನಿಂಬೆಹಣ್ಣು ಕಟ್ಟಿಸಿಕೊಂಡು ಸುಮ್ಮನಿದ್ದರೆ ನನ್ನದು ಮಾತ್ರ ಗರಗರ ತಿರುಗುತ್ತಿರುತ್ತಿತ್ತು. ಅದರ ಬಗ್ಗೆ ನನಗೆ ಸಣ್ಣ ಜಂಬವಲ್ಲ, ದೊಡ್ಡ ಜಂಬವೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಕೊಟ್ರಮ್ಮನ ಕರುಳಿನಲ್ಲಿ ಗಡ್ಡೆ ಬೆಳೆದು, ದಾವಣಗೆರೆಯಲ್ಲಿ ಆಪರೇಷನ್ ಮಾಡಿ ತೆಗೆದಿದ್ದರು. ಅದು ಮತ್ತೆ ತಲೆ ಎತ್ತದಿರಲಿ ಎಂದು ಕೀಮೋ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಗುಳಿಗೆ ಶುರುವಾಗಿ ಕೆಲವು ವಾರಕ್ಕೆ ಅವಳ ಅಂಗೈ ಅಂಗಾಲು ಕೆಂಪಗಾದವು, ಸಿಪ್ಪೆ ಏಳತೊಡಗಿತು. "ಮೆಣಸಿನಕಾಯಿ ಕುಟ್ಟಿ ಕೈ ತೊಳಕೊಳ್ಳದಂಗ ಉರೀತಾವ್ರೀ" ಎಂದಳು. ಹೆರಿಗೆಯಲ್ಲೂ ಅಯ್ಯೋ ಎನ್ನದ ಹೆಣ್ಣು ಅದು. ನಾನು ಮಷೀನು ನಿಲ್ಲಿಸಿ ದಾವಣಗೆರೆ ಬಸ್ಸು ಹತ್ತಿಸಿದೆ.

ಅಲ್ಲಿದ್ದವರು ಸಣ್ಣ ವಯಸ್ಸಿನ ಡಾಕ್ಟರಮ್ಮ. ಇದು ಗುಳಿಗೆಯ ಉಪದ್ರವ, ಹೆದರಬೇಡಿ ಎಂದರು. ಬಿಸಿನೀರು ಬೇಡ, ತಣ್ಣೀರಲ್ಲಿ ಕೈಕಾಲು ಅದ್ದಿ. ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು ಬೇಡ. ಬಿಗಿ ಚಪ್ಪಲಿ ಬೇಡ. ಈ ಮುಲಾಮು ಹಚ್ಚಿ, ಮೇಲೆ ಸಡಿಲ ಕಾಲುಚೀಲ ಹಾಕಿ. ಕೊನೆಗೆ ದನಿ ಇಳಿಸಿ ನನಗೆ ಹೇಳಿದರು: "ಹೆಚ್ಚಾದರೆ ತಕ್ಷಣ ಬನ್ನಿ, ಗುಳಿಗೆ ನಿಲ್ಲಿಸಬೇಕಾಗುತ್ತೆ." ಬಸ್ಸಿನಲ್ಲಿ ಬರುವಾಗ ನನ್ನ ಕಿವಿಯಲ್ಲಿ ಉಳಿದಿದ್ದು ಅದೊಂದೇ ಮಾತು. ಗುಳಿಗೆ ನಿಂತರೆ ಗಡ್ಡೆ ಸುಮ್ಮನಿರುತ್ತದೆಯೇ?

ಊರಿಗೆ ಬಂದರೆ, ಜೋಳದ ಡಬ್ಬಿ ಹೊತ್ತು ಗಿರಣಿಗೆ ಬಂದವರೆಲ್ಲ ಡಾಕ್ಟರಾದರು. ಒಬ್ಬರು ಗೋರಂಟಿ ಮೆತ್ತು ಎಂದರು, ಇನ್ನೊಬ್ಬರು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡಿಸು ಎಂದರು. ನನ್ನ ದನಿ ಮೊದಲ ಸಲ ಉಪಯೋಗಕ್ಕೆ ಬಂತು. ಪಕ್ಕದ ಮನೆಯ ಹಾಲಮ್ಮ ಮಾತ್ರ ದನಿಗೆ ಹೆದರುವವಳಲ್ಲ. ಕಾಲುಚೀಲ ಕಂಡು "ಏನವಾ ಕೊಟ್ರಮ್ಮ, ಸಾಲಿಗೆ ಹೊಂಟೀಯೇನು?" ಎಂದು ನಗಿಸಿ, ಮುಲಾಮು ತಾನೇ ಹಚ್ಚುತ್ತೇನೆಂದು ಕೂತಳು. ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಹಾಲಮ್ಮ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದರಲ್ಲಿ ಹೆಸರಾದವಳು. ಒಂದೇ ತಿಕ್ಕಿಗೆ ಕೊಟ್ರಮ್ಮ ಚೀರಿದಳು. ಹಡಗಲಿಯಲ್ಲಿದ್ದ ಮಗಳಿಗೆ ಎಳೆ ಬಾಣಂತನ. ಸ್ವಂತ ಕೈಯಿಂದ ಹಚ್ಚಿಕೊಳ್ಳೋಣವೆಂದರೆ ಅವಳ ಕೈಯೇ ಕಾಯಿಲೆ. ಉಳಿದವನು ನಾನು.

"ಮುಟ್ಟಬ್ಯಾಡ್ರಿ!" ಎಂದು ಕಾಲು ಸೀರೆಯೊಳಗೆ ಎಳೆದುಕೊಂಡಳು. "ಗಂಡ ಕಾಲು ಮುಟ್ಟಿದ್ರ ಪಾಪ ಹತ್ತತೈತಿ. ಮದ್ಲ ಈ ರೋಗ, ಮ್ಯಾಲ ಅದೂ ಒಂದು ಬೇಕೇನು?"

"ಲೇ, ಪಾಪ ಗೀಪ ಎಲ್ಲಾ ಸುಳ್ಳು. ಬೇಕಾದ್ರ ಮನಸಿನಾಗ ಒಂದು ನಮಸ್ಕಾರ ಮಾಡು, ಹೋಗತೈತಿ."

"ಮನಸಿನಾಗ ರೊಟ್ಟಿ ಬಡದು ಹಾಕತೀನಿ, ಉಣ್ಣತೀರೇನು?"

ಕಡೆಗೆ ರಾಜಿಯಾಯಿತು. ನಾನು ಅವಳ ಕಾಲು ಮುಟ್ಟಬಹುದು; ಮುಟ್ಟಿದ ಕೂಡಲೇ ಅವಳು ನನ್ನ ಕಾಲು ಮುಟ್ಟಿ ಪಾಪ ಕಳೆದುಕೊಳ್ಳುವುದು. ಅವಳ ತವರು ಚಿಗಟೇರಿ ಕಡೆ. ಆ ಮನೆಯವರಿಗೆ ತುದಿಬೆರಳು ತಾಗಿಸಿ ಕೈ ಮುಗಿಯುವ ಅವಸರದ ನಮಸ್ಕಾರ ಗೊತ್ತಿಲ್ಲ. ಎರಡೂ ಅಂಗೈಯಿಂದ ಹಿಮ್ಮಡಿ ಹಿಡಿದು, ಬೆರಳ ತುದಿಯವರೆಗೆ ಸವರಿ, ಆಮೇಲೆ ಹಣೆ ಹಚ್ಚಬೇಕು. ಆಗಲಿ ಮಾರಾಯ್ತಿ ಎಂದೆ.

ಹಿಟ್ಟು ನುಣ್ಣಗೆ ಬಂತೋ ಇಲ್ಲವೋ ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡುವುದು ನನ್ನ ಕಸುಬು. ಒರಟನಾದರೂ ಆ ಎರಡು ಬೆರಳಿಗೆ ಮೆಲ್ಲಗೆ ಎಂದರೇನೆಂದು ಗೊತ್ತು. ಮೊದಲು ಅಂಗೈ, ಆಮೇಲೆ ಅಂಗಾಲು, ಮುಲಾಮನ್ನು ಒತ್ತದೆ ಮೆತ್ತುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದರೂ ಅವಳ ಎಡಗಾಲಿನಲ್ಲಿ ಮಚ್ಚೆಯಿರುವುದನ್ನು ನಾನು ಕಂಡದ್ದು ಆಗಲೇ. ಅವಳು ಕಣ್ಣು ಮುಚ್ಚಿ "ಈಗ ತಣ್ಣಗಾತು" ಎನ್ನುವಳು. ಆಮೇಲೆ ನಾನು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರುವೆ, ಅವಳು ನಮಸ್ಕಾರ ಮಾಡುವಳು. ನನ್ನ ಹಿಮ್ಮಡಿಗೂ ತಣ್ಣಗೆ, ಹಾಯೆನಿಸುತ್ತಿತ್ತು. ಹಿತವಾದದ್ದನ್ನು ಯಾಕೆ ಹೀಗೆ ಎಂದು ಯಾರು ಕೇಳುತ್ತಾರೆ? ಭಕ್ತಿಯ ಶಕ್ತಿ ಇರಬೇಕು ಎಂದುಕೊಂಡು ನಿದ್ದೆ ಹೋಗುತ್ತಿದ್ದೆ.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಕಾಲು ನೋಡಿ ಸಂತೋಷಪಟ್ಟರು. ಕೈ ನೋಡಿ ಹುಬ್ಬು ಗಂಟಿಕ್ಕಿದರು. ಕಾಲಿನ ಕೆಂಪು ಇಳಿದಿದೆ, ಅಂಗೈ ಮಾತ್ರ ಇನ್ನೂ ಬಿರಿದಿದೆ. ರೊಟ್ಟಿ ಬಡಿದಿರಾ? ಇಲ್ಲ. ಪಾತ್ರೆ? ಇಲ್ಲ. "ಹೀಗೇ ಆದರೆ ಗುಳಿಗೆ ನಿಲ್ಲಿಸಲೇಬೇಕಾಗುತ್ತೆ. ಕೈಗೆ ಮುಲಾಮು ಹಚ್ಚುತ್ತಾ ಇಲ್ವಾ ನೀವು?" ಎಂದರು.

ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟು. "ಹಚ್ಚೀನ್ರೀ ಡಾಕ್ಟ್ರ! ಒಂದು ಹೊತ್ತು ತಪ್ಪಿಸಿಲ್ಲ! ಬೇಕಾದ್ರ ಈಗ ಹಚ್ಚಿ ತೋರಿಸ್ತೀನಿ!" ಎಂದು ಗಿರಣಿಯ ದನಿಯಲ್ಲಿ ಕೂಗಿದೆ. ಹೊರಗೆ ಸಾಲಿನಲ್ಲಿ ಕೂತವರೆಲ್ಲ ಎದ್ದು ನಿಂತರಂತೆ. ಡಾಕ್ಟರಮ್ಮ ತಣ್ಣಗೆ "ತೋರಿಸಿ" ಎಂದರು. ಅಲ್ಲೇ ಅಂಗೈಗೆ ಹಚ್ಚಿದೆ, ಅಂಗಾಲಿಗೆ ಹಚ್ಚಿದೆ, ಕಾಲುಚೀಲವನ್ನೂ ತೊಡಿಸಿ, ಈಗೇನು ಹೇಳುತ್ತೀರಿ ಎಂಬಂತೆ ಎದೆ ಸೆಟೆಸಿ ನಿಂತೆ. ನಿಂತದ್ದೇ ತಡ, ಕೊಟ್ರಮ್ಮ ಕೆಳಗಿಳಿದು, ಬಗ್ಗಿ, ನನ್ನ ಹಿಮ್ಮಡಿಯನ್ನು ಎರಡೂ ಕೈಯಿಂದ ಹಿಡಿದು ಬೆರಳವರೆಗೆ ಸವರಿ ಹಣೆ ಹಚ್ಚಿದಳು.

ಡಾಕ್ಟರಮ್ಮ ಮೊದಲು ಕೊಟ್ರಮ್ಮನ ಅಂಗೈ ನೋಡಿದರು, ಒರೆಸಿಟ್ಟ ಹಾಗಿತ್ತು. ಆಮೇಲೆ ಬಗ್ಗಿ ನನ್ನ ಪಾದ ನೋಡಿದರು. ಮುಲಾಮಿನಿಂದ ಮಿರಮಿರ ಮಿಂಚುತ್ತಿತ್ತು. "ಯಜಮಾನರೇ, ನಿಮ್ಮ ಹಿಮ್ಮಡಿ ಎಷ್ಟು ಚೆನ್ನಾಗಿದೆ!" ಎಂದರು. ನಾನೂ ನೋಡಿಕೊಂಡೆ. ಒಂದು ಬಿರುಕಿಲ್ಲ. ಕೌದಿ ಹರಿಯುವ ಸದ್ದು ನಿಂತು ಎಷ್ಟು ದಿನವಾಯಿತೆಂದು ನನಗೇ ನೆನಪಾಗಲಿಲ್ಲ. ಹೆಂಡತಿಯ ಕೈಗೆಂದು ತಂದ ಔಷಧಿಯನ್ನೆಲ್ಲ ನನ್ನ ಕಾಲು ಕುಡಿದು ಕೂತಿತ್ತು. ನಾಚಿಕೆಯಿಂದ ಕುರ್ಚಿಯಲ್ಲಿ ಕೂತು ಎರಡೂ ಪಾದಗಳನ್ನು ಅದರ ಕೆಳಗೆ ಎಳೆದುಕೊಂಡೆ.

ಡಾಕ್ಟರಮ್ಮ ನಗುತ್ತಿದ್ದರು. ಆದರೆ ಪಾಪವೆಲ್ಲ ಸುಳ್ಳು ಎಂದು ನನ್ನ ಹಾಗೆ ಭಾಷಣ ಬಿಗಿಯಲಿಲ್ಲ. "ಅಮ್ಮಾ, ಕಾಯಿಲೆ ಇದ್ದಾಗ ಹರಕೆ ಹೊತ್ತುಕೊಳ್ಳೋದಿಲ್ವಾ? ತೀರಿಸೋದು ಯಾವಾಗ?"

"ಆರಾಮಾದ ಮ್ಯಾಲ" ಎಂದಳು ಕೊಟ್ರಮ್ಮ.

"ಈ ನಮಸ್ಕಾರಾನೂ ಹಾಗೇ ಅಂದುಕೊಳ್ಳಿ. ಗುಳಿಗೆ ಮುಗಿದು, ಕೈ ವಾಸಿಯಾದ ಮೇಲೆ ಎಲ್ಲ ಸೇರಿಸಿ ಮಾಡಿ."

ಕೊಟ್ರಮ್ಮ ಯೋಚಿಸಿದಳು. ಹರಕೆಗೆ ದೇವರೇ ಕಾದು ಕೂರುತ್ತಾನಂತೆ, ಗಂಡನೇನು ಮಹಾ. ಮನೆಗೆ ಬಂದವಳೇ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು ಮುಡುಪು ಕಟ್ಟಿಸಿ, ದೇವರ ಜಗಲಿಯ ಮೇಲಿನ ಮೊಳೆಗೆ ತೂಗುಹಾಕಿಸಿದಳು. ಗಂಟು ಹಾಕಿದವನು ನಾನೇ. ಅವಳ ಬೆರಳಿಗೆ ಆಗ ಗಂಟು ಹಾಕುವ ಶಕ್ತಿ ಇರಲಿಲ್ಲ. ಅಂದಿನಿಂದ ಮುಲಾಮು ಅಂಗೈಯಲ್ಲೇ ಉಳಿಯಿತು. ಕೈಯ ಉರಿ ಇಳಿಮುಖವಾಯಿತು. ಗುಳಿಗೆಯನ್ನು ಒಮ್ಮೆ ಸ್ವಲ್ಪ ಕಡಿಮೆ ಮಾಡಿದರೇ ಹೊರತು ನಿಲ್ಲಿಸಲಿಲ್ಲ. ಎಲ್ಲ ಮುಗಿದು, ಪರೀಕ್ಷೆ ಮಾಡಿ, ಸದ್ಯಕ್ಕೆ ಏನೂ ಇಲ್ಲ, ಆಗಾಗ ಬಂದು ತೋರಿಸುತ್ತಿರಿ ಎಂದರು. ಹೊಸ ಚರ್ಮ ಬಂತು. ಒಂದು ಬೆಳಗ್ಗೆ ಅಡುಗೆಮನೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿ, ನಾನು ಗಿರಣಿಗೆ ಹೊರಟವನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ. ನನ್ನ ಅಳುವೂ ದೊಡ್ಡ ದನಿಯದೇ. ಹಾಲಮ್ಮ ಗಾಬರಿಯಾಗಿ ಓಡಿಬಂದಳು.

ರೊಟ್ಟಿ ಆದ ಮೇಲೆ ಕೊಟ್ರಮ್ಮ ಕೈ ತೊಳೆದುಕೊಂಡು ಬಂದಳು. "ಬರ್ರಿ, ಕುಂದರ್ರಿ. ಮುಡುಪು ಬಿಚ್ಚಿ ಹರಕಿ ತೀರಿಸಿಬಿಡತೀನಿ."

"ಗಿರಾಕಿ ಕಾಯಾಕತ್ಯಾರ" ಎಂದು ಓಡಿದೆ. ಮರುವಾರ ಕೇಳಿದಳು, ಮಷೀನಿನ ಬೆಲ್ಟು ಹರಿದಿದೆ ಎಂದೆ. ಇನ್ನೊಮ್ಮೆ ಕೇಳಿದಳು, ನೆಪ ಸಿಗದೆ "ಇವತ್ತು ಅಮಾಸಿ ಐತಿ, ಬ್ಯಾಡ" ಎಂದುಬಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. "ಅಮಾಸಿ? ನೀವು ಯಾವಾಗಿಂದ ಅಮಾಸಿ ನೋಡಾಕತ್ತೀರಿ?"

ಏನು ಹೇಳಲಿ? ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಕೊಟ್ರಮ್ಮ ಹೊತ್ತ ಹರಕೆಯನ್ನು ತೀರಿಸದೆ ಬಿಟ್ಟವಳಲ್ಲ. ಹರಕೆ ಬಾಕಿ ಇಟ್ಟು ಎಲ್ಲಿಗೂ ಹೋಗುವವಳೂ ಅಲ್ಲ. ಆ ಮುಡುಪು ಮೊಳೆಯ ಮೇಲೆ ಇರುವಷ್ಟು ದಿನ ಅವಳು ನನ್ನ ಮನೆಯಲ್ಲಿ ಇರಲೇಬೇಕು. ಇದನ್ನು ಬಾಯಿಬಿಟ್ಟು ಹೇಳಿದರೆ, ಏನನ್ನೂ ನಂಬದ ಗಿರಣಿಯವನ ಮರ್ಯಾದೆ ಏನಾಗಬೇಕು? ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಜಗಲಿಯ ಹತ್ತಿರ ಹೋಗಿ, ಗಂಟು ಸಡಿಲಾಗಿಲ್ಲವಷ್ಟೇ ಎಂದು ಎರಡು ಬೆರಳಲ್ಲಿ ಮುಟ್ಟಿ ನೋಡಿ ಬರುತ್ತೇನೆ. ಮುಲಾಮು ತಪ್ಪಿ ನನ್ನ ಹಿಮ್ಮಡಿ ಮತ್ತೆ ಬಿರಿದಿದೆ, ಕೌದಿ ಮತ್ತೆ ಪರ್ ಎನ್ನುತ್ತಿದೆ, ಅವಳು ಮತ್ತೆ ಗರಗಸ ಹೊರಗಿಡಿ ಎಂದು ಬೈಯುತ್ತಿದ್ದಾಳೆ. ಬೈಯಲಿ.