ದೇವಣಗಾಂವಕ್ಕೆ ಹೋದ ನಾಲ್ಕನೇ ಸಂಪುಟ

ಐವತ್ತು ದಾಟಿದ ಗಣಿತದ ಮಾಸ್ತರನೊಬ್ಬ ಮಾತಾಡುವ ಹದ್ದು, ನೆರಳು ಮಾರಿಕೊಂಡ ರಾಣಿ, ಕೆರೆಯ ತಳದಲ್ಲಿರುವ ಪಟ್ಟಣ ಇಂಥವುಗಳ ಕಥೆ ಓದುತ್ತಾನೆ ಎಂಬುದು ಊರಿಗೆಲ್ಲ ಹೇಳಿಕೊಂಡು ತಿರುಗುವ ಸಂಗತಿಯಲ್ಲ. ನಮ್ಮ ಇಂಡಿಯಲ್ಲಿ ದೊಡ್ಡವರ ಕೈಯಲ್ಲಿ ದಪ್ಪ ಪುಸ್ತಕ ಕಂಡರೆ ಅದು ಪುರಾಣವಾಗಿರಬೇಕು, ಇಲ್ಲವೇ ಪರೀಕ್ಷೆಯದಾಗಿರಬೇಕು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರು ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಯಾವ ಪರೀಕ್ಷಾದ್ದ್ರಿ ಸರ್ ಇದು?" ಎಂದರು. ನಾಚಿಕೆಗೆ "ಬಡ್ತಿ ಪರೀಕ್ಷಾದ್ದು" ಎಂದುಬಿಟ್ಟೆ. ಅಂದಿನಿಂದ ಅವರು ಕಂಡಾಗಲೆಲ್ಲ ಬಡ್ತಿ ಸಿಕ್ಕಿತೇ ಎಂದು ಕೇಳುತ್ತಾರೆ. ಸಿಕ್ಕಿಲ್ಲ ಎನ್ನುತ್ತೇನೆ. ಅದಾದರೂ ನಿಜವೇ.

ಆದರೆ ನಾನು ಒಬ್ಬಂಟಿಯಲ್ಲ. ನಾಲ್ಕು ತಾಲೂಕಿನಲ್ಲಿ ನಾಲ್ಕು ಜನ ಇದ್ದೇವೆ. ಸಿಂದಗಿಯಲ್ಲಿ ದನದ ಡಾಕ್ಟರ್ ಪಾಟೀಲರು, ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿಯ ಮುತ್ತಣ್ಣ, ಮುದ್ದೇಬಿಹಾಳದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಶಾಂತಕ್ಕ, ಇಂಡಿಯಲ್ಲಿ ನಾನು. ಆಗಾಗ ಒಂದು ಐತವಾರ ಯಾರದಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಪುಸ್ತಕ ಕೊಡುತ್ತೇವೆ, ತೆಗೆದುಕೊಳ್ಳುತ್ತೇವೆ, ನನ್ನ ಲೇಖಕ ದೊಡ್ಡವನೋ ನಿನ್ನ ಲೇಖಕ ದೊಡ್ಡವನೋ ಎಂದು ಜಗಳಾಡುತ್ತೇವೆ. ಮುತ್ತಣ್ಣನಿಗೆ ಅರ್ಧ ಪಾತ್ರಗಳನ್ನಾದರೂ ಕೊಲ್ಲದವನು ಲೇಖಕ ಎನಿಸುವುದಿಲ್ಲ. ಅಂಗಡಿಯ ಮೇಲಿನ ಅಟ್ಟದಲ್ಲಿ ಸೀರೆಯ ಡಬ್ಬಿಗಳ ನಡುವೆ ಅವನ ಸಂಗ್ರಹವಿದೆ. ಪಾಟೀಲರದು ಬೇರೆ ತಕರಾರು. ಯಾವ ಕಾದಂಬರಿಯಲ್ಲಾದರೂ ಕುದುರೆಯೊಂದು ನೀರು ಮೇವಿಲ್ಲದೆ ಮೂರು ದಿನ ಓಡಿದರೆ ಸಾಕು, ಅಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. ರಾಕ್ಷಸ ಬೆಂಕಿ ಉಗುಳಿದರೆ ಅವರಿಗೆ ಅಡ್ಡಿಯಿಲ್ಲ. ಕುದುರೆ ಮಾತ್ರ ಶಾಸ್ತ್ರಕ್ಕೆ ಸರಿಯಾಗಿ ಓಡಬೇಕು.

ನಮ್ಮೆಲ್ಲರಿಗಿಂತ ದೊಡ್ಡ ಸಂಗ್ರಹ ಶಾಂತಕ್ಕನದು. ಗಾಜಿನ ಬಾಗಿಲಿನ ಎರಡು ಕಪಾಟು, ಕೀಲಿ ಸದಾ ಅವರ ಸೊಂಟದಲ್ಲಿ. ಪುಸ್ತಕ ಮುಟ್ಟುವ ಮೊದಲು ಕೈ ತೊಳೆದು ಬರಬೇಕು. ತೊಳೆದು ಬಂದ ಕೈಯನ್ನು ಅವರು ಅಂಗೈ, ಹಿಂಗೈ ತಿರುಗಿಸಿ ನೋಡುತ್ತಾರೆ. ಆ ಕಪಾಟಿನಲ್ಲಿ ಏಳು ಸಂಪುಟದ ಒಂದು ಹಳೆಯ ಮಾಯಾಕಾದಂಬರಿಯಿದೆ. ಈಗ ಎಲ್ಲೂ ಸಿಗುವುದಿಲ್ಲ. ಅದರ ಹೆಸರನ್ನಾಗಲಿ ಲೇಖಕರ ಹೆಸರನ್ನಾಗಲಿ ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೊರಡುತ್ತೀರಿ, ಎಲ್ಲೋ ಉಳಿದಿರುವ ಒಂದು ಪ್ರತಿ ನನ್ನ ಬದಲು ನಿಮಗೆ ಸಿಗುತ್ತದೆ. ಶಾಂತಕ್ಕ ನೌಕರಿಗೆ ಸೇರಿದ ಹೊಸತರಲ್ಲಿ ಒಂದೊಂದೇ ಸಂಪುಟ ಕೂಡಿಸಲು ಶುರು ಮಾಡಿದವರು. ನಾಲ್ಕನೆಯದೊಂದು ಮಾತ್ರ ಹನ್ನೊಂದು ವರ್ಷ ಸಿಕ್ಕಿರಲಿಲ್ಲವಂತೆ. ಕೊನೆಗೆ ತಾಳಿಕೋಟೆಯಲ್ಲಿ ರದ್ದಿ ಅಂಗಡಿಯವನು ಶೇಂಗಾ ಕಟ್ಟಿಕೊಡಲು ಹಾಳೆ ಹರಿಯುವ ಹೊತ್ತಿಗೆ ಸರಿಯಾಗಿ ಇವರು ಅಲ್ಲಿಗೆ ಹೋಗಿ ಕೈ ಹಿಡಿದು ಬಿಡಿಸಿಕೊಂಡು ಬಂದರಂತೆ.

ಮೊದಲ ಮೂರು ಸಂಪುಟಗಳನ್ನು ನಾನು ಬೇಸಿಗೆ ರಜೆಯಲ್ಲಿ ಅವರ ಪಡಸಾಲೆಯಲ್ಲಿ ಕೂತೇ ಓದಿದ್ದೆ. ಮನೆಯಿಂದ ಹೊರಗೆ ಅವು ಯಾರ ಕೈಗೂ ಹೋಗಿರಲಿಲ್ಲ. ಹೋದ ತಿಂಗಳ ಒಂದು ಐತವಾರ, ಯಾಕೆ ಮನಸ್ಸು ಕರಗಿತೋ, ಶಾಂತಕ್ಕ ನಾಲ್ಕನೆಯದನ್ನು ತೆಗೆದು ನನ್ನ ಕೈಗಿಟ್ಟರು. "ಎಂಟ ದಿವಸ ನೋಡ್ರಿ ಸರ್. ಮುಂದಿನ ಐತವಾರ ಎಲ್ಲಾರೂ ನಿಮ್ಮ ಮನಿಗೆ ಬರ್ತೇವಲ್ಲ, ಆವಾಗ ನನ್ನ ಕೈಯಾಗ ಕೊಡ್ರಿ. ಮತ್ಯಾರ ಕೈಯಾಗೂ ಕೊಡಬ್ಯಾಡ್ರಿ" ಎಂದರು. ಪಾಟೀಲರೂ ಮುತ್ತಣ್ಣನೂ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬಡ್ತಿ ಎಂದರೆ ಹೀಗೇ ಇರುತ್ತದೇನೋ ಎನಿಸಿತು.

ಬಸ್ಸಿನಲ್ಲಿ ಕೂತವನೇ ಓದಲು ಶುರು ಮಾಡಿದೆ. ತಾಳಿಕೋಟೆ ಬಂದದ್ದು ಹೋದದ್ದು ಗೊತ್ತಾಗಲಿಲ್ಲ. ಸಿಂದಗಿಯಲ್ಲಿ ಬಸ್ ಬದಲಿಸಬೇಕು. ಮೇಲಿನಿಂದ ಚೀಲ ಇಳಿಸಿಕೊಳ್ಳಲು ಪುಸ್ತಕವನ್ನು ಸೀಟಿನ ಮೇಲೆ ಇಟ್ಟೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ "ಇಂಡಿ ಗಾಡಿ ಹೊಂಟೈತಿ, ಲಗೂನ ಬರ್ರಿ" ಎಂದು ಕೂಗಿದರು. ಚೀಲ ಹಿಡಿದು ಓಡಿದೆ. ಮನೆಗೆ ಬಂದು ಕೈ ತೊಳೆದುಕೊಂಡು, ಶಾಂತಕ್ಕನ ಶಿಸ್ತಿನಂತೆ ಎರಡೂ ಬದಿ ಒರೆಸಿಕೊಂಡು, ಚೀಲ ತೆಗೆದು ನೋಡುತ್ತೇನೆ. ಬುತ್ತಿ ಡಬ್ಬಿ ಇದೆ, ಟವೆಲ್ ಇದೆ, ನೀರಿನ ಬಾಟಲಿ ಇದೆ. ಪುಸ್ತಕ ಮಾತ್ರ ಇಲ್ಲ.

ಹೆಂಡತಿ ಸುಧಾಳಿಗೆ ಹೇಳಿದೆ. "ಈಗಿಂದೀಗ ಶಾಂತಕ್ಕಗ ಫೋನ್ ಮಾಡಿ ಹೇಳಿಬಿಡ್ರಿ" ಎಂದಳು. ಒಂದೆರಡು ದಿನ ಹುಡುಕಿ ನೋಡುತ್ತೇನೆ, ಸಿಕ್ಕರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದೆ. "ಪುಸ್ತಕ ಕಳದ್ರ ಪುಸ್ತಕ ಹೋಗ್ತದ. ಸುಳ್ಳು ಹೇಳಿದ್ರ ಶಾಂತಕ್ಕ ಹೋಗ್ತಾರ. ಯಾವುದು ಬೇಕೋ ನೋಡ್ರಿ" ಎಂದು ಒಳಗೆ ಹೋದಳು. ಇಪ್ಪತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದವನಿಗೆ ಈ ಸರಳ ಲೆಕ್ಕ ಆ ದಿನ ಬಿಡಿಸಲಾಗಲಿಲ್ಲ.

ಮಂಗಳವಾರ ಶಾಂತಕ್ಕನದೇ ಫೋನ್ ಬಂತು. "ಪುಸ್ತಕ ಎಲ್ಲಿಗೆ ಬಂತ್ರಿ ಸರ್?" ಎಂದರು. ಎಲ್ಲಿಗೆ ಹೋಯಿತು ಎಂದು ಕೇಳಿದಂತೆ ನನಗೆ ಕೇಳಿಸಿ ಬೆವರಿದೆ. ಸಾವರಿಸಿಕೊಂಡು, "ಹನ್ನೆರಡನೇ ಅಧ್ಯಾಯ ಮುಗೀತ್ರಿ" ಎಂದೆ. ನಿಜಕ್ಕೂ ಓದಿದ್ದು ನಾಲ್ಕು ಅಧ್ಯಾಯ.

"ಹನ್ನೆರಡು ಹೆಂಗ ಅನಿಸ್ತ್ರಿ?"

"ಮನಸ್ಸಿಗೆ ಭಾಳ ತ್ರಾಸಾತ್ರಿ. ರಾಣಿ ಸಾಯಬಾರದಾಗಿತ್ತು."

ಶಾಂತಕ್ಕ ಬಹಳ ಮೆಲ್ಲಗೆ, "ರಾಣಿ ಸತ್ತಳೇನ್ರಿ?" ಎಂದರು.

"ಅಂದ್ರ, ಮನಸ್ಸಿನ್ಯಾಗ ಸತ್ತಂಗನ ಅಲ್ರಿ" ಎಂದೆ.

"ಹೌದ್ರಿ, ಹಂಗೂ ಹೇಳಬಹುದು. ಓದ್ರಿ, ಓದ್ರಿ" ಎಂದು ಫೋನ್ ಇಟ್ಟರು. ಆ ದಿನ ಒಂಬತ್ತನೇ ತರಗತಿಯಲ್ಲಿ ತ್ರಿಕೋನಕ್ಕೆ ನಾಲ್ಕು ಕೋನ ಬರೆದೆನಂತೆ.

ಬುಧವಾರ ಸಾಲೆ ಬಿಟ್ಟವನೇ ಸಿಂದಗಿಗೆ ಹೋದೆ. ಅದೇ ಬಸ್ಸು, ಅದೇ ಕಂಡಕ್ಟರ್ ಬರುವವರೆಗೆ ಸ್ಟ್ಯಾಂಡಿನಲ್ಲಿ ಕಾದೆ. ಪಾಟೀಲರ ಮೋಟರ್ ಸೈಕಲ್ಲು ಎದುರಿನ ರಸ್ತೆಯಲ್ಲಿ ಎರಡು ಸಲ ಹಾದು ಹೋಯಿತು. ಎರಡು ಸಲವೂ ನಾನು ಕಂಬದ ಹಿಂದೆ ಸರಿದೆ. ಎರಡನೆಯ ಸಲ ಅಲ್ಲಿ ಮೊದಲೇ ನಿಂತಿದ್ದ ಹಿರಿಯರೊಬ್ಬರು, "ಯಾರಿಗೆ ಅಂಜಾಕತ್ತೀರಿ?" ಎಂದು ಕೇಳಿದರು. ದನದ ಡಾಕ್ಟರಿಗೆ ಎಂದು ಹೇಳುವುದು ಹೇಗೆ? ಕಡೆಗೆ ಬಸ್ಸು ಬಂತು. ಕಂಡಕ್ಟರಿಗೆ ನೆನಪಿತ್ತು. "ನೀವು ಇಳದ ಮ್ಯಾಲೆ ನೋಡಿದ್ವಿ ಸರ್, ಒದರಿದ್ರ ಕೇಳಿಸ್ಲಿಲ್ಲ ನಿಮಗ. ದೇವಣಗಾಂವದ ನೀಲವ್ವ ಎತ್ತಿಟಗೊಂಡಾಳ. ತಾ ಕಾಳಜಿ ಮಾಡ್ತೇನಂದಳು" ಎಂದರು. ಮೂರು ದಿನದ ಮೇಲೆ ಆಗ ಉಸಿರು ಪೂರ್ತಿ ಒಳಗೆ ಹೋಯಿತು.

ಶನಿವಾರ ಅರ್ಧ ದಿನದ ಸಾಲೆ. ಒಂದು ಬಿಸ್ಕೀಟ್ ಪುಡಾ ತೆಗೆದುಕೊಂಡು ದೇವಣಗಾಂವಕ್ಕೆ ಹೋದೆ. ನೀಲವ್ವನ ಮನೆ ಕೇಳುತ್ತ ಹೋದರೆ, ನಲವತ್ತರ ಸುಮಾರಿನ ಹೆಣ್ಣುಮಗಳೊಬ್ಬಳು ಕಟ್ಟೆಯ ಮೇಲೆ ತೊಗರಿ ಚೀಲಕ್ಕೆ ಒರಗಿ ಕೂತು ಓದುತ್ತಿದ್ದಳು. ಪುಸ್ತಕಕ್ಕೆ ಸ್ವಚ್ಛ ಬಿಳಿ ಅರಿವೆಯ ಹೊದಿಕೆ ಹಾಕಿದ್ದಳು. ಗುರುತು ಹೇಳಿ ಕೈ ಚಾಚಿದೆ. ಅವಳು ಪುಸ್ತಕವನ್ನು ಮಡಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಿಮ್ಮದ ಅಂತ ಹೆಂಗ ನಂಬೂದ್ರಿ? ಇದರಾಗ ಶಾಂತಮ್ಮ ಅಂತ ಹೆಸರೈತಿ. ನೀವು ಶಾಂತಮ್ಮ ಅಲ್ಲಲ್ರಿ."

"ಅವರ ನನಗ ಓದ್ಲಿಕ್ಕೆ ಕೊಟ್ಟಾರವ್ವಾ."

"ಹಂಗಾದ್ರ ಹೇಳ್ರಿ. ಹದ್ದಿಗೆ ಒಂದ ಕಣ್ಣು ಹೆಂಗ ಹೋತು?"

ಅದು ಎರಡನೇ ಸಂಪುಟದ್ದು, ಹೇಳಿದೆ. ಅವಳ ಮುಖ ಅರಳಿತು. "ಹೌದ್ರಿ, ಹಂಗ ಹೇಳಿದ್ರು" ಎಂದಳು. ಯಾರು ಹೇಳಿದರು ಎಂದು ಕೇಳುವ ಬುದ್ಧಿ ಆಗ ನನಗೆ ಬರಲಿಲ್ಲ. "ಹನ್ನೆರಡನೇ ಅಧ್ಯಾಯದಾಗ ರಾಣಿ ಏನ ಮಾಡ್ತಾಳ್ರಿ?" ಎಂದು ಮುಂದಿನ ಪ್ರಶ್ನೆ ಬಂತು. ನಾನು ಬಿಸ್ಕೀಟ್ ಪುಡಾ ಅವಳ ಮುಂದಿಟ್ಟೆ. ಹಲಗೆಯ ಮುಂದೆ ನಿಂತು ಉತ್ತರ ಬಾರದ ಹುಡುಗರನ್ನು ಎಷ್ಟು ಸಲ ಹೀಗೆಯೇ ನೋಡಿದ್ದೇನೆ.

"ಅವರಿಗೆ ಫೋನ್ ಹಚ್ಚಲ್ರಿ? ಅವರು ಹ್ಞೂಂ ಅಂದ್ರ ಈಗ ಕೊಡ್ತೇನಿ."

"ಬ್ಯಾಡವ್ವಾ, ಫೋನ್ ಬ್ಯಾಡ."

ಆ ಎರಡು ಮಾತಿನಲ್ಲಿ ನಾನು ಕಳ್ಳನೆಂಬುದು ಅವಳಿಗೆ ಖಾತ್ರಿಯಾಗಿರಬೇಕು. ಆದರೂ ಚಹಾ ಮಾಡಿ ಕೊಟ್ಟಳು. ಬಿಸ್ಕೀಟನ್ನೂ ಬಡಿಸಿದಳು. ಪುಸ್ತಕ ಕೊಡಲಿಲ್ಲ. ಬರಿಗೈಯಲ್ಲಿ ಬಸ್ ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ನಾಳೆ ಹನ್ನೊಂದಕ್ಕೆ ಶಾಂತಕ್ಕ ನನ್ನ ಮನೆಯ ಬಾಗಿಲಲ್ಲಿ. ಜ್ವರ ಎಂದು ಮಲಗಿಬಿಡಲೇ ಎಂದೂ ಅನಿಸಿತು. ಆದರೆ ಅವರು ಜ್ವರದ ಮಾಸ್ತರನನ್ನು ನೋಡಲು ಖಂಡಿತ ಒಳಗೆ ಬಂದು ಕೂತುಬಿಡುವವರು. ಇಂಡಿ ಮುಟ್ಟುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ನಿಜ ಹೇಳುವುದು. ಬರೀ ಬಾಯಿಮಾತಿನಲ್ಲಿ ಅಲ್ಲ, ಅವರ ಪುಸ್ತಕ ಮರಳಿ ಕೈಸೇರುವವರೆಗೆ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಮೇಲಾದದ್ದನ್ನು ಅವರ ಕೈಗೆ ಕೊಟ್ಟು ಹೇಳುವುದು. ನನ್ನ ಮೆಚ್ಚಿನ ಲೇಖಕರ ಮೊದಲ ಕಾದಂಬರಿಯ ಮೊದಲ ಮುದ್ರಣ ನನ್ನಲ್ಲಿದೆ. ಅವರೇ ವಿಜಯಪುರದ ಪುಸ್ತಕ ಪ್ರದರ್ಶನದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿ ಕೊಟ್ಟದ್ದು. ಮದುವೆಯ ಶಲ್ಯದ ತುಂಡಿನಲ್ಲಿ ಸುತ್ತಿಟ್ಟಿದ್ದೆ. ಮುತ್ತಣ್ಣ ಕೇಳಿದಾಗಲೂ ಕೊಟ್ಟಿರಲಿಲ್ಲ.

ಐತವಾರ ಮೂವರೂ ಬಂದರು. ಸುಧಾ ಉಪ್ಪಿಟ್ಟು ತಂದಿಟ್ಟಳು. ಯಾರೂ ತಟ್ಟೆ ಮುಟ್ಟುವ ಮೊದಲೇ ಶಾಂತಕ್ಕ, "ಪುಸ್ತಕ ಓದಿ ಮುಗೀತ್ರ್ಯಾ ಸರ್?" ಎಂದರು. ಬಾಗಿಲಲ್ಲಿ ನಿಂತ ಸುಧಾಳ ಕಣ್ಣು ನನ್ನ ಮೇಲೇ ಇತ್ತು. ಬಸ್ಸು, ಸೀಟು, ಚೀಲ, ಹನ್ನೆರಡನೇ ಅಧ್ಯಾಯ, ಸಾಯದ ರಾಣಿ, ದೇವಣಗಾಂವ, ಎಲ್ಲವನ್ನೂ ಹೇಳಿದೆ. ಶಲ್ಯದ ತುಂಡು ಬಿಚ್ಚಿ ನನ್ನ ಪುಸ್ತಕವನ್ನು ಅವರ ಮುಂದಿಟ್ಟೆ. ಪಾಟೀಲರು ತಲೆ ತಗ್ಗಿಸಿದರು. ಮುತ್ತಣ್ಣ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಗೊತ್ತೈತ್ರಿ. ಸೋಮವಾರದಿಂದ ಗೊತ್ತೈತಿ" ಎಂದರು ಶಾಂತಕ್ಕ. "ಮೊದಲನೇ ಪುಟದಾಗ ನನ್ನ ಹೆಸರಿನ ಕೆಳಗ ಫೋನ್ ನಂಬರೂ ಐತಿ. ನೀಲವ್ವ ಬಸ್ ಇಳದ ಮರುದಿವಸನ ಫೋನ್ ಮಾಡಿದ್ಳು. ಓದಿ ಕೊಡಲೇನ್ರಿ ಅಂತ ಕೇಳಿದ್ಳು. ಹಿಂದಿನ ಮೂರು ಸಂಪುಟದ ಕಥಿ ದಿನಾ ಒಂದಿಷ್ಟು ಫೋನಿನ್ಯಾಗ ಹೇಳೇನಿ ಅಕಿಗೆ. ಸಾಲಿ ಬಿಟ್ಟ ಮ್ಯಾಲೆ ಹಂಗ ಕಿವಿಗೊಟ್ಟು ಕೇಳಿದವರು ನನಗ ಸಿಕ್ಕಿದ್ದಿಲ್ಲ."

"ಮತ್ತ ನನಗ್ಯಾಕ ಹೇಳ್ಲಿಲ್ರಿ?"

"ನೀವು ಹೇಳೂ ಹಾದಿ ಕಾಯ್ದೆ. ಮಂಗಳವಾರ ಅದಕ್ಕ ಫೋನ್ ಮಾಡಿದ್ದೆ. ನಿನ್ನಿ ನೀವು ಬಿಸ್ಕೀಟ್ ತಗೊಂಡು ಹೋಗಿದ್ದೂ ಗೊತ್ತೈತಿ. ಪುಸ್ತಕ ಹೋದ್ರ ಹುಡುಕಬಹುದು ಸರ್. ಹನ್ನೊಂದು ವರ್ಷ ಹುಡುಕಿದಾಕಿ ನಾ. ಇವತ್ತೂ ನೀವು ಹೇಳದಿದ್ರ ಏನ ಮಾಡಬೇಕು ಅಂತ ರಾತ್ರಿಯೆಲ್ಲಾ ಯೋಚನಿ ಮಾಡೇನಿ." ಆ ಎಂಟು ದಿನ ಹೆದರಿಕೆಯಲ್ಲಿ ಕಳೆದವನು ನಾನೊಬ್ಬನೇ ಎಂದು ತಿಳಿದಿದ್ದೆ.

ಅಷ್ಟರಲ್ಲಿ ಹೊರಗೆ "ಕುಲಕರ್ಣಿ ಸರ್ ಮನಿ ಇದ ಏನ್ರಿ?" ಎಂಬ ದನಿ ಕೇಳಿತು. ನೀಲವ್ವ. ಕಂಕುಳಲ್ಲಿ ಬಿಳಿ ಅರಿವೆಯ ಪುಸ್ತಕ. ಶಾಂತಕ್ಕನೇ ಕರೆಸಿದ್ದರು. ನನ್ನನ್ನು ಕಂಡು, "ಕಳ್ಳ ಅಂತ ತಿಳಕೊಂಡಿದ್ನಿ, ತಪ್ಪು ತಿಳಕೋಬ್ಯಾಡ್ರಿ" ಎಂದಳು. ಅವಳು ತಿಳಿದದ್ದು ಪೂರ್ತಿ ತಪ್ಪೇನೂ ಅಲ್ಲ. ಉಪ್ಪಿಟ್ಟು ತಿನ್ನುತ್ತ ಅವಳು ಪಾಟೀಲರೊಡನೆ ಕಥೆಯ ಕುದುರೆಯ ವಿಷಯದಲ್ಲಿ ವಾದಕ್ಕಿಳಿದಳು. ತನ್ನ ತವರಿನಲ್ಲಿ ಕುದುರೆ ಇತ್ತಂತೆ. ಪಾಟೀಲರು ಸೋತರು. ಹೋಗುವ ಮುನ್ನ ನಾವು ಐವರಾಗಿದ್ದೆವು. ನಾಲ್ಕನೇ ಸಂಪುಟ ಶಾಂತಕ್ಕನ ಚೀಲ ಸೇರಿತು. ನನಗೆ ಮುಂದಿನ ರಜೆಯಲ್ಲಿ, ಅವರ ಪಡಸಾಲೆಯಲ್ಲೇ. ಮೇಜಿನ ಮೇಲಿದ್ದ ನನ್ನ ಪುಸ್ತಕವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಶಾಂತಕ್ಕ ಅದರ ಮೇಲೆ ಕೈಯಿಟ್ಟು, "ಕೊಟ್ಟೀರಲ್ರಿ" ಎಂದು ಎತ್ತಿ ನೀಲವ್ವನ ಕೈಗೆ ಕೊಟ್ಟರು. "ಮದಲ ನೀ ಓದವಾ. ಸರ್ ಹತ್ತು ವರ್ಷದಿಂದ ಇದನ್ನ ಹೊಗಳಾಕತ್ತಾರ."

ನಾಲ್ಕು ದಿನದ ಮೇಲೆ ನೀಲವ್ವನ ಫೋನ್ ಬಂತು.

"ಸರ್, ಪುಸ್ತಕ ಭಾಳ ಚೊಲೋ ಐತ್ರಿ. ಖರೆ ಮೂವತ್ತೆರಡನೇ ಪುಟದಿಂದ ಮುಂದ ಹಾಳಿ ಬಿಡಿಸೇ ಇಲ್ಲಲ್ರಿ. ಅಂಚಿನ್ಯಾಗ ಕೂಡೇ ಅದಾವು. ಬ್ಲೇಡ್ ಹಚ್ಚಿ ಕೊಯ್ಯಲ್ರಿ?"

ಮೊದಲ ಮುದ್ರಣದ ಹಾಳೆ ಕೊಯ್ದರೆ ಅಂದ ಕೆಡುತ್ತದೆಂದು, ನಿಧಾನಕ್ಕೆ ಎಂದಾದರೂ ಓದಿದರಾಯಿತೆಂದು ಸುತ್ತಿಟ್ಟವನು ನಾನು.

"ಸರ್, ಹಂಗಾದ್ರ ನೀವು ಹೆಂಗ ಓದಿದ್ರಿ?"

"ಕೊಯ್ರಿ ನೀಲವ್ವಾ" ಎಂದೆ. "ಮೆಲ್ಲಕ ಕೊಯ್ರಿ. ಓದಿ ಮುಗಿಸಿದ ಮ್ಯಾಲೆ ನನಗೂ ಒಂದಿಷ್ಟು ಕಥಿ ಹೇಳ್ರಿ."

"ಹೇಳ್ತೇನ್ರಿ. ಮತ್ತ ಶಾಂತಕ್ಕಾರಿಗೆ?"

"ಅವರಿಗೆ ನಾನ ಹೇಳ್ತೀನಿ" ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಧಾ ಕೇಳಿದಳು.