ಬೆವರಿಗೊಂದು ಸಾಕ್ಷಿ

ಇಪ್ಪತ್ತೆರಡು ವರ್ಷಗಳಿಂದ ಜೀವಶಾಸ್ತ್ರ ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ದೇಹದ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ (ತಮ್ಮ ಸ್ವಂತ ದೇಹವೊಂದನ್ನು ಬಿಟ್ಟು). ಅದರ ರಕ್ತದೊತ್ತಡ ಏರಿದ್ದರಿಂದ ಡಾಕ್ಟರು ದಿನಾ ನಲವತ್ತು ನಿಮಿಷ ಬಿರುಸು ನಡಿಗೆ ವಿಧಿಸಿದರು. ಹೆಂಡತಿ ಅದಕ್ಕೊಂದು ಉಪವಿಧಿ ಸೇರಿಸಿದಳು: "ನಡೆದು ಬಂದ್ರೆ ಎರಡನೇ ಕಾಫಿ. ಇಲ್ದಿದ್ರೆ ಇಲ್ಲ."

ಎರಡನೇ ಕಾಫಿಯಿಲ್ಲದ ಬೆಳಗನ್ನು ಊಹಿಸಿಕೊಳ್ಳಲೂ ಮೇಷ್ಟ್ರು ಸಿದ್ಧರಿರಲಿಲ್ಲ. ನಡೆಯುವುದಕ್ಕಂತೂ ಮೊದಲೇ ಸಿದ್ಧರಿರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ನಲವತ್ತು ನಿಮಿಷ ಪೇಪರ್ ಓದಿ, ಅಲ್ಲಿನ ನಲ್ಲಿಯಲ್ಲಿ ಮುಖ, ಕತ್ತು ಒದ್ದೆ ಮಾಡಿಕೊಂಡು, ಲಿಫ್ಟಿನಲ್ಲಿ ನಾಲ್ಕನೇ ಮಹಡಿಯ ಮನೆಗೆ ಬಂದು "ಉಸ್ಸಪ್ಪಾ!" ಎಂದರು.

ಹೆಂಡತಿ ಅವರ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ತಾವು ಬರೆದ ಗೈಡಿನ ಕರಡನ್ನು ಮೂರು ಸಲ ತಿದ್ದಿದವಳು ಇವಳೇ ಎಂಬುದು ಮೇಷ್ಟ್ರಿಗೆ ಮರೆತೇ ಹೋಗಿತ್ತು.

"ಬರೀ ಎಪ್ಪತ್ತು! ರೀ, ಇಷ್ಟೊಂದು ಬೆವರಿದ್ದೀರಿ, ಹೃದಯಕ್ಕಿನ್ನೂ ಸುದ್ದಿನೇ ಮುಟ್ಟಿಲ್ವಲ್ಲ? ಸ್ನಾಯು ದುಡಿದ್ರೆ ಹೃದಯ, ಶ್ವಾಸಕೋಶ, ಚರ್ಮ ಎಲ್ಲಾ ಕೈಜೋಡಿಸ್ತವೆ ಅಂತ ಬರೆದೋರು ನೀವೇ. ಐದನೇ ಪಾಠ."

"ಅದು ಪರೀಕ್ಷೆಗೆ ಬರಲ್ಲ ಕಣೇ," ಎಂದು ಮೇಷ್ಟ್ರು ಗೊಣಗಿದರು. ಕಾಫಿಯೂ ಬರಲಿಲ್ಲ.

ಮರುದಿನ ಬೆಂಚು, ನಲ್ಲಿ ಮುಗಿಸಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರು. ನಾಡಿ ನೂರಹತ್ತು! ಹೆಂಡತಿ ಹಣೆ ಮುಟ್ಟಿದಳು.

"ಹೃದಯ ಓಡ್ತಿದೆ, ಮೈ ಯಾಕ್ರೀ ಇಷ್ಟು ತಣ್ಣಗಿದೆ? ದುಡಿದ ಸ್ನಾಯು ಶಾಖ ಕೊಡ್ಬೇಕಲ್ವಾ? ಅದೂ ಐದನೇ ಪಾಠವೇ."

ಒಂದು ಅಂಗವನ್ನು ಬುಟ್ಟಿಗೆ ಹಾಕಿಕೊಳ್ಳಬಹುದು, ಇಡೀ ದೇಹದ ಬಾಯಿ ಮುಚ್ಚಿಸುವುದು ಹೇಗೆ? ಮೇಷ್ಟ್ರು ಬೇರೆ ದಾರಿ ಕಾಣದೆ ದಿನಾ ಎಂಟು ಸಲ ಮೆಟ್ಟಿಲು ಹತ್ತಿಳಿದರು. ನಾಡಿ, ಉಸಿರು, ಶಾಖ, ಬೆವರು ಒಕ್ಕೊರಲಿನಿಂದ ಸಾಕ್ಷಿ ನುಡಿದವು. ಕಾಫಿ ಬಂತು. ನಡೆಯುವ ಕಷ್ಟ ತಪ್ಪಿತಲ್ಲ ಎಂದು ಮೇಷ್ಟ್ರು ಏದುಸಿರು ಬಿಡುತ್ತಲೇ ಹಿಗ್ಗಿದರು.

ತಿಂಗಳ ಬಳಿಕ ಡಾಕ್ಟರು ರಕ್ತದೊತ್ತಡ ಅಳೆದು, "ಭೇಷ್! ನಡಿಗೆ ಕೆಲಸ ಮಾಡಿದೆ," ಎಂದರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಒಂದು ದಿನವೂ ನಡೆದಿಲ್ಲ ಡಾಕ್ಟ್ರೇ! ಬರೀ ಮೆಟ್ಟಿಲು ಹತ್ತಿ ಇವಳಿಗೆ ಟೋಪಿ ಹಾಕ್ದೆ."

"ಗೊತ್ತು," ಎಂದಳು ಹೆಂಡತಿ. "ಅಡುಗೆಮನೆ ಕಿಟಕಿಯಿಂದ ಆ ಬೆಂಚು ಚೆನ್ನಾಗಿ ಕಾಣುತ್ತೆ. ಹೇಳಿದ್ರೆ ಬೆಂಚು ಬದಲಾಯಿಸ್ತಿದ್ರಿ, ಮೆಟ್ಟಿಲು ಹತ್ತುತ್ತಿರಲಿಲ್ಲ."

ಡಾಕ್ಟರು ನಗುತ್ತ ಚೀಟಿ ಬರೆದರು. "ಮೆಟ್ಟಿಲು ಹೀಗೇ ಇರಲಿ. ನಾಳೆಯಿಂದ ನಡಿಗೆನೂ ಶುರು ಮಾಡಿ."

ಕುರ್ಚಿ ಬಿಟ್ಟು ಏಳುವ ಮೊದಲೇ ಮೇಷ್ಟ್ರ ಎದೆ ಡವಡವ ಹೊಡೆದುಕೊಂಡಿತು, ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು, ಹಣೆಯ ಮೇಲೆ ಅಸಲಿ ಬೆವರು ಒಡೆಯಿತು.

ಹೆಂಡತಿ ಅಭ್ಯಾಸಬಲದಿಂದ ಅವರ ಮಣಿಕಟ್ಟು ಹಿಡಿದಳು. "ನೋಡಿ, ಈಗ ಎಲ್ಲಾ ಎಷ್ಟು ಚೆನ್ನಾಗಿ ಕೈಜೋಡಿಸಿವೆ!"